ಜಿಲೇಬಿ ಮೀನಿನಿಂದ ಆರಂಭಿಸಿ: ಸಿಹಿನೀರಿನ ಮೀನುಗಳ ವರ್ಣತಂತುಗಳನ್ನು ತಯಾರಿಸಿ, ಅಳೆದು, ಅವುಗಳ ನಂಟು ಓದುವ ಬಗೆ

ಬೆಂಗಳೂರಿನ ಕೆರೆಗಳಲ್ಲಿ ಬಲೆ ಬೀಸಿದವರಿಗೆ ಗೊತ್ತಿರುವಂತೆ, ಬೇಡವೆಂದರೂ ಬಲೆಗೆ ಬಂದು ಬೀಳುವುದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. 1952ರಲ್ಲಿ ಭಾರತಕ್ಕೆ ತರಲಾದ ಈ ಆಫ್ರಿಕಾ ಮೂಲದ ಮೀನು ನಮ್ಮ ಸ್ಥಳೀಯ ಮೀನುಗಳಿಗೆ ದೊಡ್ಡ ಕಾಟವೇ ಆಗಿದೆ. ಆದರೂ ವರ್ಣತಂತುಗಳನ್ನು ಮೊದಲ ಸಲ ನೋಡಲು ಕಲಿಯುವವರಿಗೆ ಇದರಷ್ಟು ಒಳ್ಳೆಯ ಗುರು ಸಿಗುವುದಿಲ್ಲ. ಇದರ ದ್ವಿಗುಣಿತ ಸಂಖ್ಯೆ, ಅಂದರೆ ಒಂದು ದೇಹಕೋಶದಲ್ಲಿರುವ ವರ್ಣತಂತುಗಳ ಒಟ್ಟು ಸಂಖ್ಯೆ, 44, ಮತ್ತು ಆ 44ರಲ್ಲಿ ಒಂದು ಜೋಡಿ ಉಳಿದೆಲ್ಲವುಗಳಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಸೂಕ್ಷ್ಮದರ್ಶಕದ ಕೆಳಗೆ ಆ ಎರಡು ಉದ್ದನೆಯ ವರ್ಣತಂತುಗಳೂ ಕಾಣಿಸಿದರೆ ನಿಮ್ಮ ಮುಂದಿರುವುದು ಇಡಿಯಾದ ಕೋಶ ಎಂಬ ಭರವಸೆ ಬರುತ್ತದೆ. ಒಂದೇ ಕಾಣಿಸಿದರೆ ಕೋಶ ಒಡೆದು ಏನೋ ಸೋರಿಹೋಗಿದೆ ಎಂದು ಎಣಿಸುವ ಮೊದಲೇ ತಿಳಿಯುತ್ತದೆ.

ಈ ಬರಹ ಪ್ರಾಣಿಶಾಸ್ತ್ರ ಅಥವಾ ಮೀನುಗಾರಿಕಾ ವಿಜ್ಞಾನ ಓದುತ್ತಿರುವ, ಒಂದು ಸಾಧಾರಣ ಪ್ರಯೋಗಾಲಯದ ಸೌಲಭ್ಯವಿರುವ ವಿದ್ಯಾರ್ಥಿಗಳಿಗಾಗಿ. ಸೆಂಟ್ರಿಫ್ಯೂಜ್, ನೂರು ಪಟ್ಟಿನ ಎಣ್ಣೆ ಮಸೂರವಿರುವ ಸೂಕ್ಷ್ಮದರ್ಶಕ, ಅದಕ್ಕೊಂದು ಕ್ಯಾಮೆರಾ, ಒಂದು ಫ್ರಿಜ್ ಇದ್ದರೆ ಸಾಕು. ಕೆಲಸದ ಕ್ರಮವನ್ನು ಹೇಳುವಾಗ ಒಂದು ಮಾತನ್ನು ನಾನು ಮತ್ತೆ ಮತ್ತೆ ಎತ್ತಬೇಕಾಗುತ್ತದೆ: ಎರಡು ಪ್ರಭೇದಗಳ ನಡುವಿನ ವಿಕಾಸದ ವ್ಯತ್ಯಾಸ ಎಂದು ನಾವು ಬರೆದುಕೊಳ್ಳುವುದರಲ್ಲಿ ಒಂದು ಪಾಲು ಮೀನಿನದಾಗಿರುವುದಿಲ್ಲ, ನಮ್ಮ ಸ್ಲೈಡಿನದಾಗಿರುತ್ತದೆ. ಆದ್ದರಿಂದ ನಂಟು ಓದುವ ಕೆಲಸ ಶುರುವಾಗುವುದು ಕೊನೆಯಲ್ಲಿ ಬಿಡಿಸುವ ವಂಶವೃಕ್ಷದಲ್ಲಲ್ಲ, ಚುಚ್ಚುಮದ್ದು ಕೊಡುವ ಗಳಿಗೆಯಲ್ಲಿ.

ಮೀನಿನ ಆಯ್ಕೆ

ಮೀನನ್ನು ಮುಟ್ಟುವ ಮೊದಲು ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಯಲ್ಲಿರಬೇಕು; ಹೊಳೆ ಕೆರೆಗಳಿಂದ ಹಿಡಿಯುವುದಾದರೆ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆಯೂ ಬೇಕು. ಜಿಲೇಬಿಯ ನಂತರದ ಹಂತಕ್ಕೆ ಕಾಟ್ಲಾ, ರೋಹು, ಮೃಗಾಲ್‌ಗಳನ್ನು ತೆಗೆದುಕೊಳ್ಳಬಹುದು, ಮೂರರ ದ್ವಿಗುಣಿತ ಸಂಖ್ಯೆಯೂ 50. ಇವನ್ನು ಮಾರುಕಟ್ಟೆಯಿಂದ ತರುವ ಬದಲು ತಾಯಿತಂದೆ ಯಾವುದೆಂದು ದಾಖಲೆಯಿರುವ ಮರಿ ಉತ್ಪಾದನಾ ಕೇಂದ್ರದಿಂದ ತರುವುದು ಕ್ಷೇಮ. ನಮ್ಮಲ್ಲಿ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಹೆಬ್ಬಾಳದಲ್ಲಿ ಮೀನುಗಾರಿಕಾ ಸಂಶೋಧನಾ ಕೇಂದ್ರವಿದೆ. ಹೋಗಿ ಕೇಳುವುದರಲ್ಲಿ ನಷ್ಟವಿಲ್ಲ. ರಸೆಲ್ ಮಾರ್ಕೆಟ್ಟಿನ ಮಂಜುಗಡ್ಡೆಯ ಮೇಲಿನ ಮೀನು ಸಾರಿಗಷ್ಟೇ ಬರುತ್ತದೆ, ಏಕೆಂದರೆ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ವಿಭಜನೆಯಾಗುತ್ತಿರುವ ಜೀವಂತ ಕೋಶದಲ್ಲಿ ಮಾತ್ರ.

ಸಾಮಾನ್ಯ ಗೆಂಡೆಯನ್ನು, ಅಂದರೆ ಕಾಮನ್ ಕಾರ್ಪ್ ಅನ್ನು, ಮೊದಲ ಪ್ರಯೋಗಕ್ಕೆ ಆರಿಸಿಕೊಳ್ಳಬೇಡಿ. ಸುಲಭವಾಗಿ ಸಿಗುತ್ತದೆ ಎಂಬುದು ನಿಜ; ಆದರೆ ಅದರಲ್ಲಿ 100 ಸಣ್ಣ ಸಣ್ಣ ವರ್ಣತಂತುಗಳಿವೆ, ಮತ್ತು 97 ಎಣಿಸಿದವನಿಗೆ ತಾನು ಮೂರನ್ನು ಕಳೆದುಕೊಂಡೆನೋ ಅಥವಾ ಮೂರು ಒಂದರ ಮೇಲೊಂದು ಮಲಗಿವೆಯೋ ತಿಳಿಯುವುದೇ ಇಲ್ಲ. ಬಹುಪಾಲು ಮೀನುಗಳ ವರ್ಣತಂತುಗಳ ಉದ್ದ ಕೆಲವೇ ಮೈಕ್ರೊಮೀಟರ್ ಎಂಬುದನ್ನು ನೆನಪಿಡಿ. ಮನುಷ್ಯನ ವರ್ಣತಂತುಗಳ ಚಿತ್ರ ನೋಡಿ ಬಂದವರಿಗೆ ಮೀನಿನವು ಚೆಲ್ಲಿದ ಸಾಸಿವೆಯಂತೆ ಕಂಡು ನಿರಾಸೆಯಾಗುವುದುಂಟು.

ಕೊಲ್ಚಿಸಿನ್ ಮತ್ತು ಗಡಿಯಾರ

ಕೊಲ್ಚಿಸಿನ್ ವಿಭಜನೆಯ ಕದಿರೆಳೆಗಳು ಕಟ್ಟದಂತೆ ತಡೆಯುತ್ತದೆ. ಹಾಗಾಗಿ ಕೋಶಗಳು ಮೆಟಾಫೇಸ್ ಹಂತದಲ್ಲಿ, ಅಂದರೆ ವರ್ಣತಂತುಗಳು ದಪ್ಪಗಾಗಿ ಇನ್ನೂ ಬೇರ್ಪಡದಿರುವ ಹಂತದಲ್ಲಿ, ನಿಂತುಬಿಡುತ್ತವೆ. 0.05 ಶೇಕಡಾ ದ್ರಾವಣವನ್ನು ಪ್ರತಿ 100 ಗ್ರಾಂ ತೂಕಕ್ಕೆ 1 ಮಿ.ಲೀ. ಲೆಕ್ಕದಲ್ಲಿ ಹೊಟ್ಟೆಯ ಕುಹರಕ್ಕೆ ಚುಚ್ಚಿ, ಮೀನನ್ನು ಗಾಳಿ ಹಾಯಿಸಿದ ನೀರಿನಲ್ಲಿ ಎರಡರಿಂದ ಮೂರು ಗಂಟೆ ಬಿಡಬೇಕು. ವಿಭಜಿಸುವ ಕೋಶಗಳು ಕಡಿಮೆ ಸಿಗುತ್ತಿದ್ದರೆ ಹಿಂದಿನ ದಿನ ಯೀಸ್ಟ್ ದ್ರಾವಣವನ್ನು ಚುಚ್ಚಿ ಮೀನಿನ ರಕ್ಷಣಾ ಕೋಶಗಳನ್ನು ಕೆರಳಿಸುವ ಪದ್ಧತಿಯೂ ಉಂಟು. ಕೊಲ್ಚಿಸಿನ್ ವಿಷ, ಕೈಗವಸಿಲ್ಲದೆ ಮುಟ್ಟಬಾರದು, ಉಳಿದದ್ದನ್ನು ಸಿಂಕಿಗೆ ಸುರಿಯಬಾರದು.

ಇಲ್ಲಿ ಅವಧಿಯೇ ಮುಖ್ಯ. ಕೊಲ್ಚಿಸಿನ್‌ನಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ನಿಂತ ಕೋಶಗಳು ಹೆಚ್ಚುತ್ತವೆ, ಜೊತೆಗೆ ವರ್ಣತಂತುಗಳೂ ಕುಗ್ಗುತ್ತಾ ಹೋಗುತ್ತವೆ. ವಿದ್ಯಾರ್ಥಿಯಾಗಿದ್ದಾಗ ನಾನು ಒಮ್ಮೆ ಸಂಜೆಯ ಬಸ್ಸು ತಪ್ಪುತ್ತದೆಂದು ಒಂದು ಪಕ್ಕೆ ಮೀನಿಗೆ ಚುಚ್ಚಿ, ಬೆಳಿಗ್ಗೆ ನೋಡೋಣವೆಂದು ಮನೆಗೆ ಹೋಗಿದ್ದೆ. ಬೆಳಿಗ್ಗೆ ಮೆಟಾಫೇಸ್‌ಗಳು ರಾಶಿ ರಾಶಿ ಸಿಕ್ಕವು. ಅಷ್ಟೊಂದು ಸಿಕ್ಕ ಸಂತೋಷದಲ್ಲಿ ಈ ಮೀನಿನಲ್ಲಿ ಒಂದೇ ಭುಜದ ವರ್ಣತಂತುಗಳೇ ಹೆಚ್ಚು ಎಂದು ವರದಿ ಬರೆದೆ. (ವರ್ಣತಂತುವಿನ ಸೊಂಟದಂಥ ಬಿಗಿದ ಜಾಗ ಸೆಂಟ್ರೊಮಿಯರ್; ಅದರ ಎರಡು ಬದಿಯ ಭಾಗಗಳೇ ಭುಜಗಳು.) ನನ್ನ ಮಾರ್ಗದರ್ಶಕರು ಏನೂ ಹೇಳದೆ, ಎರಡು ಗಂಟೆಯ ಅವಧಿಯಲ್ಲಿ ಮತ್ತೊಮ್ಮೆ ಮಾಡಿ ತರಲು ಹೇಳಿದರು. ಎರಡನೆಯ ಸಲ ಅವೇ ವರ್ಣತಂತುಗಳ ತುದಿಯಲ್ಲಿ ಗಿಡ್ಡ ಭುಜಗಳು ಸ್ಪಷ್ಟವಾಗಿ ಕಂಡವು. ಇಡೀ ರಾತ್ರಿ ಕುಗ್ಗಿ ಅವು ಕಣ್ಣಿಗೆ ಕಾಣದಾಗಿದ್ದವು, ಅಷ್ಟೇ. ಅದೇ ವರದಿಯನ್ನು ಬೇರೊಬ್ಬರ ಎರಡು ಗಂಟೆಯ ಸ್ಲೈಡಿನೊಂದಿಗೆ ಹೋಲಿಸಿದ್ದರೆ, ಇಲ್ಲದ ವಿಕಾಸವೊಂದು ನನ್ನ ಬಸ್ಸಿನ ಕಾರಣದಿಂದ ಹುಟ್ಟಿಕೊಳ್ಳುತ್ತಿತ್ತು. ಹೋಲಿಸಬೇಕಾದ ಪ್ರಭೇದಗಳೆಲ್ಲಕ್ಕೂ ಒಂದೇ ಪ್ರಮಾಣ, ಒಂದೇ ಅವಧಿ, ಸಾಧ್ಯವಾದರೆ ಒಂದೇ ದಿನ ಎಂಬ ನಿಯಮವನ್ನು ನಾನು ಅಂದಿನಿಂದ ಬಿಟ್ಟಿಲ್ಲ.

ಅಂಗಾಂಶ ಮತ್ತು ಉಬ್ಬಿಸುವ ದ್ರಾವಣ

ಲವಂಗದ ಎಣ್ಣೆಯಿಂದಲೋ ಟ್ರೈಕೇನ್‌ನಿಂದಲೋ ಮೀನಿಗೆ ಅರಿವಳಿಕೆ ಮಿತಿಮೀರಿ ಕೊಟ್ಟು, ಅದು ಸತ್ತಿದೆಯೆಂದು ಖಚಿತವಾದ ಮೇಲೆ ಮೂತ್ರಪಿಂಡದ ಮುಂಭಾಗವನ್ನು ತೆಗೆಯಬೇಕು. ಮೀನಿಗೆ ರಕ್ತ ಹುಟ್ಟಿಸುವ ಎಲುಬಿನ ಮಜ್ಜೆ ಇಲ್ಲ. ಆ ಕೆಲಸವನ್ನು ಕಿವಿರಿನ ಹಿಂದೆ, ಬೆನ್ನೆಲುಬಿಗೆ ಅಂಟಿಕೊಂಡಂತೆ ಇರುವ ಈ ಕಡುಗೆಂಪು ಭಾಗ ಮಾಡುತ್ತದೆ. ವಿಭಜನೆಯ ಕೋಶಗಳು ಇಲ್ಲಿ ಧಾರಾಳವಾಗಿ ಸಿಗುವುದು ಅದಕ್ಕೇ. ಅಂಗಾಂಶವನ್ನು 0.56 ಶೇಕಡಾ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹಿಂಡಿ, ಸಿರಿಂಜಿನಿಂದ ಮೇಲೆ ಕೆಳಗೆ ಎಳೆದು ಕೋಶಗಳನ್ನು ಬಿಡಿಸಿ, 25 ರಿಂದ 30 ನಿಮಿಷ ಕೊಠಡಿಯ ಉಷ್ಣತೆಯಲ್ಲಿ ಇಡಬೇಕು.

ಕೋಶದೊಳಗಿನದಕ್ಕಿಂತ ತೆಳುವಾದ ಈ ದ್ರಾವಣದಿಂದ ನೀರು ಒಳನುಗ್ಗಿ, ಕೋಶ ನೆನೆದ ಕಡಲೆಯಂತೆ ಉಬ್ಬುತ್ತದೆ. ಒಳಗಿನ ವರ್ಣತಂತುಗಳು ಒಂದರಿಂದೊಂದು ದೂರ ಸರಿಯುತ್ತವೆ. ಈ ಹಂತ ಬಳಕೆಗೆ ಬಂದದ್ದೇ ಒಂದು ತಪ್ಪಿನಿಂದ. ಟೆಕ್ಸಾಸಿನಲ್ಲಿ ಟಿ. ಸಿ. ಶೂ ಅವರ ಪ್ರಯೋಗಾಲಯದಲ್ಲಿ ಯಾರೋ ಲವಣದ ದ್ರಾವಣವನ್ನು ತಪ್ಪಾಗಿ ತೆಳು ಮಾಡಿಟ್ಟಿದ್ದರು. ಅದುವರೆಗೆ ಮುದ್ದೆಯಾಗಿ ಕಾಣುತ್ತಿದ್ದ ವರ್ಣತಂತುಗಳು ಆ ದಿನ ಹರಡಿ ಕುಳಿತಿದ್ದವು. ಶೂ ಅದನ್ನು 1952ರಲ್ಲಿ ಪ್ರಕಟಿಸಿದರು. ಮನುಷ್ಯನ ವರ್ಣತಂತುಗಳು 46 ಎಂದು ಟ್ಯೊ ಮತ್ತು ಲೆವಾನ್ ಖಚಿತವಾಗಿ ಎಣಿಸಿದ್ದು 1956ರಲ್ಲಿ. ಉಬ್ಬಿಸುವ ಈ ಉಪಾಯವಿಲ್ಲದಿದ್ದರೆ ಆ ಎಣಿಕೆ ಇನ್ನಷ್ಟು ಕಾಲ ತಪ್ಪಾಗಿಯೇ ಉಳಿಯುತ್ತಿತ್ತು. ಸಮಯ ಕಡಿಮೆಯಾದರೆ ವರ್ಣತಂತುಗಳು ಗುಂಪಾಗಿಯೇ ಉಳಿಯುತ್ತವೆ, ಹೆಚ್ಚಾದರೆ ಕೋಶ ಒಡೆದು ಅವು ಚದುರಿಹೋಗುತ್ತವೆ. ಪ್ರತಿ ಹೊಸ ಪ್ರಭೇದಕ್ಕೂ 20, 25, 30, 35 ನಿಮಿಷಗಳ ನಾಲ್ಕು ಕೊಳವೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಾರದ ಕೆಲಸ ಉಳಿಯುತ್ತದೆ.

ಬೆರಳುದ್ದದ ಮೀನುಗಳಿಗೆ ಮೂತ್ರಪಿಂಡ ಸಾಲದು. ಅವುಗಳ ಕಿವಿರನ್ನು ಬಳಸಿ. 1977ರಲ್ಲಿ ಕ್ಲಿಗರ್‌ಮನ್ ಮತ್ತು ಬ್ಲೂಮ್ ತೋರಿಸಿದ ವಿಧಾನದಲ್ಲಿ ಅಂಗಾಂಶದ ತುಣುಕನ್ನು ಇಡಿಯಾಗಿಯೇ ಉಬ್ಬಿಸಿ, ಸ್ಥಿರಗೊಳಿಸಿ, ನಂತರ 50 ಶೇಕಡಾ ಅಸಿಟಿಕ್ ಆಮ್ಲದಲ್ಲಿ ನುಣ್ಣಗೆ ಕೊಚ್ಚಿ, ಆ ದ್ರವದ ಹನಿಯನ್ನು ಸುಮಾರು 45 ಡಿಗ್ರಿಗೆ ಬಿಸಿಮಾಡಿದ ಸ್ಲೈಡಿನ ಮೇಲೆ ಬಿಟ್ಟು ಕೂಡಲೇ ಪಿಪೆಟ್‌ಗೆ ವಾಪಸು ಎಳೆದುಕೊಳ್ಳುತ್ತಾರೆ. ಸ್ಲೈಡಿನ ಮೇಲೆ ದೋಸೆ ಕಾವಲಿಯ ಅಂಚಿನ ಗುರುತಿನಂಥ ಒಂದು ಉಂಗುರ ಉಳಿಯುತ್ತದೆ. ಕೋಶಗಳೆಲ್ಲ ಆ ಉಂಗುರದಲ್ಲೇ ಇರುತ್ತವೆ, ಹುಡುಕಾಡುವ ಶ್ರಮವಿಲ್ಲ.

ಕೊಲ್ಲಬಾರದ ಮೀನುಗಳ ಮಾತೇ ಬೇರೆ. ಕಾವೇರಿಯ ಗೂನುಬೆನ್ನಿನ ಬಿಳಿಮೀನು, ಅಂದರೆ ಮಹಶೀರ್, 2018ರಲ್ಲಿ ಟಾರ್ ರೆಮಾದೇವಿ ಎಂದು ಗುರುತಿಸಲ್ಪಟ್ಟು, ಅದೇ ವರ್ಷ ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿತು. ಇಂಥ ಮೀನಿನ ಬಾಲದ ರೆಕ್ಕೆಯ ಅಂಚನ್ನು ಸ್ವಲ್ಪ ಕತ್ತರಿಸಿ, ಅದು ಮತ್ತೆ ಬೆಳೆಯುವಾಗ ಆ ಹೊಸ ಅಂಗಾಂಶದಿಂದ ಕೋಶಗಳನ್ನು ಪಡೆಯಬಹುದು; ಇಲ್ಲವೇ ಒಂದಿಷ್ಟು ರಕ್ತ ತೆಗೆದು ಬಿಳಿ ರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಬಹುದು. ಎರಡಕ್ಕೂ ಅನುಭವಿಗಳ ಕೈ ಬೇಕು. ಕಲಿಯುವ ಹಂತದಲ್ಲಿ ಆ ಮೀನಿನ ಹತ್ತಿರವೂ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಹನಿ ಬೀಳಿಸುವುದು, ಮತ್ತು ಬೆಂಗಳೂರಿನ ಹವೆ

ಉಬ್ಬಿದ ಕೋಶಗಳನ್ನು ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 1,000 ದಿಂದ 1,200 ಸುತ್ತಿನಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲಿನ ದ್ರವ ತೆಗೆದು, ಮೂರು ಪಾಲು ಮೆಥನಾಲ್‌ಗೆ ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ತಣ್ಣನೆಯ ಸ್ಥಿರಕವನ್ನು ಹನಿಹನಿಯಾಗಿ ಸೇರಿಸಬೇಕು. ಸ್ಥಿರಕವನ್ನು ಆಯಾ ದಿನವೇ ಬೆರೆಸಿಕೊಳ್ಳಿ. ಮೊದಲ ಹನಿಗಳನ್ನು ಅವಸರದಿಂದ ಸುರಿದರೆ ಕೋಶಗಳು ಗಂಟುಕಟ್ಟುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಹೀಗೆ ಮೂರು ಸಲ ಸ್ಥಿರಕ ಬದಲಿಸಿದ ಮೇಲೆ, ತೊಳೆದು ತಣ್ಣಗಿಟ್ಟ ಸ್ಲೈಡಿನ ಮೇಲೆ ಒಂದೆರಡು ಅಡಿ ಎತ್ತರದಿಂದ ಎರಡು ಮೂರು ಹನಿ ಬೀಳಿಸಿ ಗಾಳಿಯಲ್ಲಿ ಆರಲು ಬಿಡಬೇಕು.

ಎತ್ತರದಿಂದ ಬಿದ್ದ ರಭಸಕ್ಕೆ ಕೋಶ ಹರಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಿಜವಾಗಿ ಕೋಶ ಹರಡುವುದು ಸ್ಥಿರಕ ಆರುತ್ತಿರುವ ಆ ಕೆಲವು ಕ್ಷಣಗಳಲ್ಲಿ: ದ್ರವದ ಪದರ ತೆಳುವಾಗುತ್ತಾ ಬಂದಾಗ ಕೋಶ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾಗಿ ಅಗಲವಾಗುತ್ತದೆ. ಆರುವ ವೇಗವನ್ನು ನಿರ್ಧರಿಸುವುದು ಕೊಠಡಿಯ ತೇವಾಂಶ ಮತ್ತು ಉಷ್ಣತೆ. ಸುಮಾರು 25 ಡಿಗ್ರಿ, 50 ಶೇಕಡಾ ಆಸುಪಾಸಿನ ತೇವಾಂಶ ಇದಕ್ಕೆ ಹಿತ. ಈ ಊರಿನಲ್ಲಿ ಫೆಬ್ರವರಿ, ಮಾರ್ಚ್ ತಿಂಗಳ ಮಧ್ಯಾಹ್ನ ಗಾಳಿ ಒಣಗಿ ತುಟಿ ಸೀಳುವ ಹೊತ್ತಿಗೆ ಹನಿ ಬೀಳಿಸಿದರೆ, ಹರಡುವ ಮೊದಲೇ ಆರಿಹೋಗುತ್ತದೆ. ಒಂದು ಮಾರ್ಚಿನಲ್ಲಿ ನಾನು ಎರಡು ವಾರ ಪೊಟ್ಯಾಸಿಯಂ ಕ್ಲೋರೈಡನ್ನು ಬೈದುಕೊಂಡು, ಮೂರು ಸಲ ಹೊಸದಾಗಿ ಕಲಸಿಕೊಂಡೆ. ಫ್ರಿಜ್ಜಿನಲ್ಲಿ ಉಳಿದಿದ್ದ ಅದೇ ಕೋಶಗಳನ್ನು ಮುಂಗಾರು ಹಿಡಿದ ಜೂನಿನಲ್ಲಿ ಹೊಸ ಸ್ಥಿರಕಕ್ಕೆ ಹಾಕಿ ಹನಿಸಿದಾಗ ವರ್ಣತಂತುಗಳು ರಂಗೋಲಿಯ ಚುಕ್ಕಿಗಳಂತೆ ಹರಡಿ ಕುಳಿತವು. ಈಗ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ, ಬಿಸಿನೀರಿನ ತಟ್ಟೆಯ ಆವಿಯ ಮೇಲೆ ಸ್ಲೈಡನ್ನು ಎರಡು ಕ್ಷಣ ಹಿಡಿದು ಹನಿ ಬಿಡುತ್ತೇನೆ. ಒಂದು ಅಗ್ಗದ ತೇವಾಂಶ ಮಾಪಕವನ್ನು ಮೇಜಿನ ಮೇಲಿಟ್ಟು ಪ್ರತಿ ಸ್ಲೈಡಿನ ಜೊತೆ ಆ ಸಂಖ್ಯೆಯನ್ನೂ ಬರೆದುಕೊಳ್ಳುವುದು ಇನ್ನೂ ಒಳ್ಳೆಯದು.

ಬಣ್ಣ ಕೊಡುವುದು ಸುಲಭ. ಪಿಎಚ್ 6.8 ಇರುವ ಫಾಸ್ಫೇಟ್ ಬಫರಿನಲ್ಲಿ 4 ರಿಂದ 5 ಶೇಕಡಾ ಗೀಮ್ಸಾ ಎಂಬ ಬಣ್ಣ, 15 ರಿಂದ 20 ನಿಮಿಷ. ಬೋರ್‌ವೆಲ್ ನೀರು ಬೇಡ. ಶುದ್ಧೀಕರಿಸಿದ ನೀರನ್ನೇ ಬಳಸಿ.

ಎಣಿಕೆ

ಒಂದು ಮೀನಿನಿಂದ ಕನಿಷ್ಠ 50 ಮೆಟಾಫೇಸ್‌ಗಳನ್ನು ಎಣಿಸಿ; ಎರಡೂ ಲಿಂಗದ ಕೆಲವು ಮೀನುಗಳಾದರೂ ಇರಲಿ. ಫಲಿತಾಂಶ ಸರಾಸರಿಯಲ್ಲ, ಅತಿ ಹೆಚ್ಚು ಕೋಶಗಳಲ್ಲಿ ಬಂದ ಸಂಖ್ಯೆ. ತಯಾರಿಯಲ್ಲಿ ವರ್ಣತಂತುಗಳು ಕಳೆದುಹೋಗುವುದು ಸಾಮಾನ್ಯ, ಪಕ್ಕದ ಕೋಶದಿಂದ ಬಂದು ಸೇರುವುದು ಅಪರೂಪ. ಹಾಗಾಗಿ ತಪ್ಪುಗಳು ಯಾವಾಗಲೂ ಕೆಳಗಿನ ಕಡೆಗೇ ವಾಲಿರುತ್ತವೆ. ಜಿಲೇಬಿಯಲ್ಲಿ 44 ಹೆಚ್ಚಾಗಿ ಬಂದು, 43 ಮತ್ತು 42 ಅಲ್ಲಲ್ಲಿ ಕಂಡು, 45 ಬಹುತೇಕ ಇಲ್ಲದಿದ್ದರೆ ನಿಮ್ಮ ಸ್ಲೈಡ್ ಆರೋಗ್ಯವಾಗಿದೆ. ಅತಿ ಹೆಚ್ಚು ಬಂದ ಸಂಖ್ಯೆ ಮುಕ್ಕಾಲು ಪಾಲು ಕೋಶಗಳಲ್ಲಾದರೂ ಇಲ್ಲದಿದ್ದರೆ ನಾನು ಆ ಮೀನಿನ ಫಲಿತಾಂಶವನ್ನು ಬಳಸದೆ ಬದಿಗಿಡುತ್ತೇನೆ. ಇನ್ನೊಂದು ಮಾತು: ನಿರೀಕ್ಷಿತ ಸಂಖ್ಯೆ ಬಂದ ಕೋಶಗಳನ್ನು ಮಾತ್ರ ಎಣಿಕೆಗೆ ಆರಿಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ತಡೆಯಲು, ಚಿತ್ರ ತೆಗೆದವರು ಒಬ್ಬರು, ಎಣಿಸುವವರು ಇನ್ನೊಬ್ಬರು ಆಗಿರಲಿ.

ಭುಜಗಳ ಅಳತೆ

ಚೆನ್ನಾಗಿ ಹರಡಿದ ಹತ್ತು ಮೆಟಾಫೇಸ್‌ಗಳ ಚಿತ್ರಗಳಲ್ಲಿ ಪ್ರತಿ ವರ್ಣತಂತುವಿನ ಉದ್ದ ಭುಜ ಮತ್ತು ಗಿಡ್ಡ ಭುಜಗಳನ್ನು ಸೆಂಟ್ರೊಮಿಯರಿನಿಂದ ಅಳೆಯಬೇಕು. ಉದ್ದವನ್ನು ಗಿಡ್ಡದರಿಂದ ಭಾಗಿಸಿದರೆ ಭುಜಾನುಪಾತ. 1964ರಲ್ಲಿ ಲೆವಾನ್, ಫ್ರೆಡ್ಗಾ ಮತ್ತು ಸ್ಯಾಂಡ್‌ಬರ್ಗ್ ಹಾಕಿಕೊಟ್ಟ ಗಡಿಗಳನ್ನೇ ಇಂದಿಗೂ ಬಳಸುತ್ತೇವೆ: 1.0 ರಿಂದ 1.7 ಇದ್ದರೆ ಮೆಟಾಸೆಂಟ್ರಿಕ್, 3.0 ವರೆಗೆ ಸಬ್‌ಮೆಟಾಸೆಂಟ್ರಿಕ್, 7.0 ವರೆಗೆ ಸಬ್‌ಟೆಲೊಸೆಂಟ್ರಿಕ್, ಅದಕ್ಕೂ ಮೇಲಿದ್ದರೆ ಟೆಲೊಸೆಂಟ್ರಿಕ್ ಅಥವಾ ಆಕ್ರೊಸೆಂಟ್ರಿಕ್. ಒಂದು ವರ್ಣತಂತುವಿನ ಉದ್ದ ಭುಜ 2.1, ಗಿಡ್ಡ ಭುಜ 0.9 ಮೈಕ್ರೊಮೀಟರ್ ಇದ್ದರೆ ಅನುಪಾತ 2.33, ಅಂದರೆ ಸಬ್‌ಮೆಟಾಸೆಂಟ್ರಿಕ್. ಆದರೆ ಗಿಡ್ಡ ಭುಜವನ್ನು ಕುಗ್ಗಿದ ಸ್ಲೈಡಿನಲ್ಲಿ 0.6 ಎಂದು ಓದಿ, ಉದ್ದದ್ದು 1.9 ಎಂದು ಓದಿದರೆ ಅನುಪಾತ 3.17 ಆಗಿ, ಅದೇ ವರ್ಣತಂತು ಇನ್ನೊಂದು ಗುಂಪಿಗೆ ಜಾರುತ್ತದೆ. ಮೈಕ್ರೊಮೀಟರಿನ ಮೂರನೆಯ ಒಂದು ಭಾಗದಷ್ಟೂ ಇಲ್ಲದ ವ್ಯತ್ಯಾಸಕ್ಕೆ ಒಂದು ಪ್ರಭೇದದ ಚರಿತ್ರೆ ಬದಲಾಗುತ್ತದೆ.

ನಂತರ ಭುಜಗಳ ಒಟ್ಟು ಸಂಖ್ಯೆಯನ್ನು ಲೆಕ್ಕ ಹಾಕಿ. ಎರಡು ಭುಜದವಕ್ಕೆ ಎರಡು, ಒಂದು ಭುಜದವಕ್ಕೆ ಒಂದು. ಇಲ್ಲೊಂದು ಹಳೆಯ ತಕರಾರಿದೆ: ಸಬ್‌ಟೆಲೊಸೆಂಟ್ರಿಕ್‌ಗಳನ್ನು ಕೆಲವರು ಎರಡೆಂದೂ ಕೆಲವರು ಒಂದೆಂದೂ ಎಣಿಸುತ್ತಾರೆ. ಇಬ್ಬರ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಭುಜಸಂಖ್ಯೆ ಹೋಲಿಸುವ ಮೊದಲು ಅವರ ಚಿತ್ರಗಳನ್ನು ನೀವೇ ಮತ್ತೆ ಅಳೆದು ನೋಡಬೇಕು. ಲಖನೌದಲ್ಲಿರುವ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಬ್ಯೂರೋ ಭಾರತದ ಮೀನುಗಳ ಕ್ಯಾರಿಯೋಟೈಪ್‌ಗಳ (ವರ್ಣತಂತುಗಳ ಸಂಖ್ಯೆ ಮತ್ತು ಆಕಾರಗಳ ಚಿತ್ರಣಗಳ) ದತ್ತಸಂಗ್ರಹವೊಂದನ್ನು ರೂಪಿಸಿದೆ; ಹೋಲಿಕೆಯನ್ನು ಅಲ್ಲಿಂದ ಆರಂಭಿಸಬಹುದು.

ನಂಟು ಓದುವುದು

ಈಗ ಮೂರು ಕಲ್ಪಿತ ಮೀನುಗಳನ್ನು ಇಟ್ಟುಕೊಂಡು ಲೆಕ್ಕ ಮಾಡೋಣ. ಮೊದಲನೆಯದರಲ್ಲಿ 48, ಎಲ್ಲವೂ ಒಂದೇ ಭುಜದವು, ಭುಜಸಂಖ್ಯೆ 48. ಎರಡನೆಯದರಲ್ಲಿ 46, ಅದರಲ್ಲಿ ಎರಡು ಮೆಟಾಸೆಂಟ್ರಿಕ್, 44 ಒಂದೇ ಭುಜದವು, ಭುಜಸಂಖ್ಯೆ ಮತ್ತೆ 48. ಸಂಖ್ಯೆ ಇಳಿದರೂ ಭುಜಗಳು ಇಳಿದಿಲ್ಲ. ಎರಡು ಒಂಟಿ ಭುಜದ ವರ್ಣತಂತುಗಳು ಸೆಂಟ್ರೊಮಿಯರಿನ ಬಳಿ ಬೆಸೆದುಕೊಂಡು ಒಂದಾದವು ಎಂಬುದೇ ಇದಕ್ಕೆ ಸರಳ ವಿವರಣೆ. 1916ರಲ್ಲಿ ಮಿಡತೆಗಳಲ್ಲಿ ಇದನ್ನು ವಿವರಿಸಿದ ರಾಬರ್ಟ್‌ಸನ್ ಹೆಸರಿನಿಂದಲೇ ಇದನ್ನು ರಾಬರ್ಟ್‌ಸೋನಿಯನ್ ಬೆಸುಗೆ ಎನ್ನುತ್ತಾರೆ. ಮೂರನೆಯದರಲ್ಲಿ 48 ಇವೆ. ಆದರೆ ನಾಲ್ಕು ಎರಡು ಭುಜದವು, ಭುಜಸಂಖ್ಯೆ 52. ಇಲ್ಲಿ ಸಂಖ್ಯೆ ಹಾಗೇ ಉಳಿದು ಭುಜ ಹೆಚ್ಚಿದೆ. ಸೆಂಟ್ರೊಮಿಯರನ್ನು ಒಳಗೊಂಡ ತುಂಡೊಂದು ಮುರಿದು, ತಲೆಕೆಳಗಾಗಿ ಮತ್ತೆ ಸೇರಿಕೊಂಡಾಗ ಹೀಗಾಗುತ್ತದೆ. ಬರೀ ಸಂಖ್ಯೆ ನೋಡಿದ್ದರೆ ಮೊದಲನೆಯದೂ ಮೂರನೆಯದೂ ಒಂದೇ ಎಂದು, ಎರಡನೆಯದು ಬೇರೆ ಎಂದು ಬರೆದುಬಿಡುತ್ತಿದ್ದೆವು.

ಬದಲಾವಣೆ ಯಾವ ದಿಕ್ಕಿನಲ್ಲಿ ನಡೆಯಿತು ಎಂಬುದು ಮುಂದಿನ ಪ್ರಶ್ನೆ. ಎರಡು ಸೇರಿ ಒಂದಾದ ಬೆಸುಗೆಯೋ, ಒಂದು ಸೀಳಿ ಎರಡಾದ ಬಿರುಕೋ? ಇದನ್ನು ಈ ಎರಡು ಮೀನುಗಳಷ್ಟೇ ಹೇಳಲಾರವು. ಎರಡಕ್ಕೂ ಹೊರಗಿನ, ಆದರೆ ತುಂಬಾ ದೂರವಲ್ಲದ ಬಂಧುವೊಂದನ್ನು ಕೇಳಬೇಕು. ಜಿಲೇಬಿಯ ವಿಷಯದಲ್ಲಿ ಇದು ಚೆನ್ನಾಗಿ ಕೂಡಿಬರುತ್ತದೆ. ಅದರ ಕುಟುಂಬವಾದ ಸಿಕ್ಲಿಡ್‌ಗಳಲ್ಲಿ ದಕ್ಷಿಣ ಅಮೆರಿಕದವು ಬಹುಪಾಲು 48 ಇರುವವು, ಆಫ್ರಿಕಾದ ತಿಲಾಪಿಯಾಗಳಲ್ಲಿ 44 ಸಾಮಾನ್ಯ. ಮೂಲದಲ್ಲಿ 48 ಇತ್ತು, ಬೆಸುಗೆಯಿಂದ 44 ಆಯಿತು ಎಂದು ಊಹಿಸಬಹುದು. ಊಹೆಗೆ ಸಾಕ್ಷಿ ಆ ದೊಡ್ಡ ಜೋಡಿಯಲ್ಲೇ ಸಿಕ್ಕಿತು. ವರ್ಣತಂತುವಿನ ತುದಿಯಲ್ಲಿ ಮಾತ್ರ ಇರಬೇಕಾದ ಟೆಲೊಮಿಯರ್ ಅನುಕ್ರಮಗಳು ನೈಲ್ ತಿಲಾಪಿಯಾದ ಆ ದೊಡ್ಡ ವರ್ಣತಂತುವಿನ ನಡುವೆಯೂ ಹೊಳೆದು ಕಂಡವು. ಹಳೆಯ ಬಟ್ಟೆಗಳನ್ನು ಜೋಡಿಸಿ ಕೌದಿ ಹೊಲಿದಾಗ ಒಳಗಡೆ ಅಂಚಿನ ಕರೆ ಕಾಣುವುದಿಲ್ಲವೇ, ಹಾಗೆ.

ಕೊರವ ಮೀನುಗಳ ಕುಲ ಇನ್ನೂ ಸ್ವಾರಸ್ಯಕರ. ಚನ್ನಾ ಪಂಕ್ಟೇಟಾದಲ್ಲಿ 32, ಚನ್ನಾ ಸ್ಟ್ರಯೇಟಾದಲ್ಲಿ 40, ಚನ್ನಾ ಮರೂಲಿಯಸ್‌ನಲ್ಲಿ 44. ಒಂದೇ ಕುಲದೊಳಗೆ ಇಷ್ಟು ಏರಿಳಿತ. 32 ಇರುವ ಮೀನಿನಲ್ಲಿ ವರ್ಣತಂತುಗಳು ಬಹುಪಾಲು ಎರಡು ಭುಜದವಾಗಿರುವುದರಿಂದ, ಸಂಖ್ಯೆ ಇಳಿದದ್ದರಲ್ಲಿ ಬೆಸುಗೆಗಳಿಗೆ ದೊಡ್ಡ ಪಾಲಿದೆ ಎನ್ನಲು ಆಧಾರವಿದೆ. ಹಾಗೆಂದು 44, 40, 32 ಎಂದು ಮೆಟ್ಟಿಲು ಕಟ್ಟಿ, ಒಂದು ಮೀನು ಇನ್ನೊಂದರಿಂದ ಇಳಿದು ಬಂತು ಎನ್ನಬಾರದು. ಇವು ಮೂರೂ ಇಂದು ಬದುಕಿರುವ ಮೀನುಗಳು. ಯಾವುದೂ ಯಾವುದರ ಅಜ್ಜನೂ ಅಲ್ಲ. ಬೇರೆ ಬೇರೆ ಕವಲುಗಳಲ್ಲಿ ಬೆಸುಗೆಗಳು ಬೇರೆ ಬೇರೆಯಾಗಿ ನಡೆದಿರಬಹುದು.

ಇನ್ನು ಸಮಾನ ಸಂಖ್ಯೆಯ ಮೋಸ. ರೋಹುವಿನಲ್ಲಿ 50, ಜೀಬ್ರಾ ಮೀನಿನಲ್ಲಿ 50, ನಮ್ಮ ದೇಶಿ ಮಾಗೂರ್‌ನಲ್ಲೂ 50. ಮೊದಲೆರಡು ಗೆಂಡೆಗಳ ಗಣದವು, ಮಾಗೂರ್ ಮೀಸೆಮೀನುಗಳ ಗಣದ್ದು. ರೋಹುವಿಗೂ ಕಾಟ್ಲಾಕ್ಕೂ 50 ಇರುವುದರಿಂದ ಅವು ಹತ್ತಿರದ ನಂಟರು ಎನ್ನುವ ವಾದವೂ ನಿಲ್ಲುವುದಿಲ್ಲ. ಅವು ನಂಟರೇ, ಆದರೆ ಕಾರಣ ಇದಲ್ಲ. 50 ಎಂಬುದು ಆ ಬಳಗಕ್ಕೆಲ್ಲ ಹಿಂದಿನಿಂದ ಬಂದ ಆಸ್ತಿ. ಅಜ್ಜನ ಮನೆ ಎಲ್ಲ ಮೊಮ್ಮಕ್ಕಳಿಗೂ ಸೇರಿದ್ದಾದ್ದರಿಂದ, ಯಾರು ಯಾರ ಒಡಹುಟ್ಟು ಎಂದು ಅದರಿಂದ ತಿಳಿಯುವುದಿಲ್ಲ. ನಂಟನ್ನು ತೋರಿಸುವುದು ಹೊಸದಾಗಿ ಹುಟ್ಟಿ ಕೆಲವರಲ್ಲಿ ಮಾತ್ರ ಉಳಿದ ಬದಲಾವಣೆ: ಒಂದೇ ಜಾಗದ ಬೆಸುಗೆ, ಒಂದೇ ತುಂಡಿನ ತಲೆಕೆಳಗು.

ಸಾಮಾನ್ಯ ಗೆಂಡೆಯ 100ಕ್ಕೆ ಈಗ ಬರೋಣ. 1967ರಲ್ಲಿ ಸುಸುಮು ಓನೊ ಮತ್ತು ಜೊತೆಗಾರರು ಗೆಂಡೆ ಹಾಗೂ ಗೋಲ್ಡ್‌ಫಿಶ್‌ಗಳನ್ನು ಅದೇ ಕುಟುಂಬದ 50ರ ಆಸುಪಾಸಿನ ಮೀನುಗಳೊಂದಿಗೆ ಹೋಲಿಸಿ, ಇವುಗಳಲ್ಲಿ ವರ್ಣತಂತುಗಳ ಇಡೀ ಜೋಡಣೆಯೇ ಇಮ್ಮಡಿಯಾಗಿದೆ ಎಂದು ವಾದಿಸಿದರು. ಎರಡು ಬೇರೆ ಪೂರ್ವಜ ಪ್ರಭೇದಗಳ ಜೋಡಣೆಗಳು ಒಂದೇ ಮೀನಿನಲ್ಲಿ ಕೂಡಿಕೊಂಡಿವೆ ಎಂದು ಇತ್ತೀಚಿನ ಜೀನೋಮ್ ಓದುಗಳು ತೋರಿಸಿವೆ. ಇಂಥ ಇಮ್ಮಡಿಕೆಯನ್ನು ಬಿರುಕುಗಳಿಂದ ಬೇರ್ಪಡಿಸಿ ಗುರುತಿಸಲು ಭುಜಸಂಖ್ಯೆಯೇ ಮೊದಲ ಸುಳಿವು: ಬಿರುಕಿನಲ್ಲಿ ಸಂಖ್ಯೆ ಏರಿದರೂ ಭುಜ ಏರುವುದಿಲ್ಲ, ಇಮ್ಮಡಿಕೆಯಲ್ಲಿ ಎರಡೂ ಏರುತ್ತವೆ, ಕೋಶದ ಡಿಎನ್‌ಎ ಪ್ರಮಾಣವೂ ಏರುತ್ತದೆ. ಟಾರ್ ಕುಲದ ಮಹಶೀರ್‌ಗಳಲ್ಲಿಯೂ 100 ಸಾಮಾನ್ಯ. ಹಾಗಾಗಿ ಕಾವೇರಿಗೆ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರನ್ನು ಬೇರೊಂದು ಮಹಶೀರಿನಿಂದ ಬೇರ್ಪಡಿಸಲು ಬರೀ ಎಣಿಕೆಯನ್ನು ನೆಚ್ಚಿಕೊಳ್ಳಲಾಗದು.

ಎಣಿಕೆ ಮತ್ತು ಭುಜ ಎರಡೂ ಮೌನವಾದಾಗ ವರ್ಣತಂತುಗಳ ಮೇಲೆ ಪಟ್ಟೆ, ಚುಕ್ಕೆಗಳನ್ನು ಮೂಡಿಸುವ ಬಣ್ಣಗಳ ಕಡೆಗೆ ಹೋಗಬೇಕು. ಹಾವೆಲ್ ಮತ್ತು ಬ್ಲ್ಯಾಕ್ 1980ರಲ್ಲಿ ಕೊಟ್ಟ ಬೆಳ್ಳಿ ನೈಟ್ರೇಟ್ ವಿಧಾನ ಅಗ್ಗವಾದದ್ದು, ಬೇಗ ಮುಗಿಯುವಂಥದ್ದು: 2 ಶೇಕಡಾ ಜಿಲೆಟಿನ್‌ಗೆ 1 ಶೇಕಡಾ ಫಾರ್ಮಿಕ್ ಆಮ್ಲ ಸೇರಿಸಿ, 50 ಶೇಕಡಾ ಬೆಳ್ಳಿ ನೈಟ್ರೇಟ್ ಜೊತೆ ಸ್ಲೈಡಿನ ಮೇಲೆ ಬೆರೆಸಿ, 70 ಡಿಗ್ರಿಯಲ್ಲಿ ಎರಡು ನಿಮಿಷ. ರೈಬೊಸೋಮ್ ಆರ್‌ಎನ್‌ಎ ಜೀನ್‌ಗಳಿರುವ ಜಾಗ ಕಪ್ಪು ಚುಕ್ಕೆಯಾಗಿ ಏಳುತ್ತದೆ. ಆದರೆ ವಿಭಜನೆಗೆ ಹಿಂದಿನ ಹಂತದಲ್ಲಿ ಕೆಲಸ ಮಾಡುತ್ತಿದ್ದ ಜಾಗಗಳಷ್ಟೇ ಬೆಳ್ಳಿ ಹಿಡಿಯುತ್ತವೆ. ಚುಕ್ಕೆ ಕಾಣಲಿಲ್ಲವೆಂದರೆ ಜೀನ್ ಇಲ್ಲವೆಂದಲ್ಲ. ಆ ಅನುಮಾನವನ್ನು ಹೊಳೆಯುವ ಡಿಎನ್‌ಎ ತುಣುಕು ಅಂಟಿಸುವ ವಿಧಾನದಿಂದ ಬಗೆಹರಿಸಬೇಕು. ಅದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕು.

ಕೊನೆಯದಾಗಿ ಒಂದು ಅಭ್ಯಾಸ

ನಗರದ ಸುತ್ತಮುತ್ತ ಕದ್ದುಮುಚ್ಚಿ ಸಾಕುವ ಆಫ್ರಿಕಾದ ಕ್ಯಾಟ್‌ಫಿಶ್, ಅಂದರೆ ಕ್ಲಾರಿಯಾಸ್ ಗ್ಯಾರಿಯೆಪಿನಸ್, ದೇಶದಲ್ಲಿ ಸಾಕಣೆಗೆ ನಿಷೇಧವಿರುವ ಮೀನು. ಎಳೆಯದನ್ನು ದೇಶಿ ಮಾಗೂರ್ ಎಂದು ಮಾರಿದರೆ ಕಣ್ಣಿನಿಂದ ಗುರುತಿಸುವುದು ಕಷ್ಟ. ವರ್ಣತಂತುಗಳ ಲೆಕ್ಕ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ, ಏಕೆಂದರೆ ಆಫ್ರಿಕಾದ್ದರಲ್ಲಿ 56, ನಮ್ಮದರಲ್ಲಿ 50. ಎರಡರ ಮಿಶ್ರತಳಿಯಾಗಿದ್ದರೆ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಸೇರಿ 53 ಬರಬೇಕು. ಮೈಟೊಕಾಂಡ್ರಿಯದ ಡಿಎನ್‌ಎ ಬಾರ್‌ಕೋಡ್ ತಾಯಿಯ ಕಡೆಯದನ್ನು ಮಾತ್ರ ಹೇಳುವುದರಿಂದ, ಮಿಶ್ರತಳಿಯನ್ನು ಹಿಡಿಯುವುದರಲ್ಲಿ ಈ ಹಳೆಯ ಸ್ಲೈಡ್ ಅದಕ್ಕಿಂತ ಮುಂದಿದೆ. ಕಾಟ್ಲಾ ಮತ್ತು ರೋಹು ಮಿಶ್ರವಾದರೆ ಮಾತ್ರ ಎರಡೂ ಕಡೆ 25 ಬಂದು ಮತ್ತೆ 50 ಆಗುವುದರಿಂದ, ಅಲ್ಲಿ ಎಣಿಕೆ ನೆರವಾಗುವುದಿಲ್ಲ.

ಜೀವಂತ ಮೀನೊಂದನ್ನು ತಂದು, ಮೇಲೆ ಹೇಳಿದ ಕ್ರಮದಲ್ಲಿ ಸ್ಲೈಡ್ ಮಾಡಿ, 50 ಕೋಶ ಎಣಿಸಿ. 53 ಹೆಚ್ಚಾಗಿ ಬಂದರೆ, ಅದು 56ರಿಂದ ಮೂರು ಕಳೆದುಕೊಂಡದ್ದಲ್ಲ ಎಂದು ತೋರಿಸುವ ಹೊಣೆ ನಿಮ್ಮದು: 54, 55, 56 ಇರುವ ಕೋಶಗಳು ಎಲ್ಲಿಯೂ ಇರಬಾರದು, ಜೋಡಿ ಕೂಡಿಸುವಾಗ ಸಂಗಾತಿಯಿಲ್ಲದ ವರ್ಣತಂತುಗಳು ಪ್ರತಿ ಕೋಶದಲ್ಲೂ ಅವೇ ಆಗಿರಬೇಕು. ಮೀನಿನ ದೇಹವನ್ನು ಎಸೆಯಬೇಡಿ. ರೆಕ್ಕೆಯ ಒಂದು ಚೂರನ್ನು ಆಲ್ಕೊಹಾಲಿನಲ್ಲಿ, ಉಳಿದದ್ದನ್ನು ಫಾರ್ಮಲಿನ್‌ನಲ್ಲಿಟ್ಟು, ಸ್ಲೈಡಿನ ಮೇಲಿನ ಸಂಖ್ಯೆಯನ್ನೇ ಎರಡೂ ಬಾಟಲಿಗಳ ಮೇಲೆ ಸೀಸದ ಕಡ್ಡಿಯಿಂದ ಬರೆಯಿರಿ. ಪೆನ್ನಿನ ಮಸಿ ಆಲ್ಕೊಹಾಲಿನಲ್ಲಿ ಕರಗಿಹೋಗುತ್ತದೆ.